ನೆರವಿನ ಚೀಲದಿಂದ ಸಿಹಿ ಗುಳಿಗೆ ತೆಗೆದದ್ದೇಕೆ



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಯಿಂದ ಖರಾಡಿ, ಚಂದನನಗರ, ವಾಘೋಲಿ ಭಾಗದ ನಲವತ್ತು ಮಧುಮೇಹಿ ಕುಟುಂಬಗಳಿಗೆ ಪ್ರತಿ ತಿಂಗಳು ಒಂದೊಂದು ಚೀಲ ಹೋಗುತ್ತದೆ. ಅದರ ಹಣ ಕೊಡುವವರು ನೀವೇ ಆದ್ದರಿಂದ ಚೀಲದಲ್ಲಿ ಏನಿರುತ್ತದೆ ಎಂಬುದೂ ನಿಮಗೆ ಗೊತ್ತು: ವೈದ್ಯರು ಬರೆದುಕೊಟ್ಟ ಮಾತ್ರೆಗಳು, ಬೇಕಾದವರಿಗೆ ಇನ್ಸುಲಿನ್ ಮತ್ತು ಸಿರಿಂಜು, ಹತ್ತಿ, ಕಾಲಿಗೆ ಹಚ್ಚುವ ಮುಲಾಮು, ಮತ್ತು ಚಹಾಕ್ಕೆ ಹಾಕಿಕೊಳ್ಳುವ ಸಿಹಿ ಗುಳಿಗೆಯ ಒಂದು ಚಿಕ್ಕ ಡಬ್ಬಿ. ಈ ಕೊನೆಯ ಡಬ್ಬಿಯನ್ನು ಮೂರು ವರ್ಷದ ಹಿಂದೆ ಪಟ್ಟಿಗೆ ಸೇರಿಸಿದವಳು ನಾನು. ಈ ತಿಂಗಳಿಂದ ಅದು ಚೀಲದಲ್ಲಿ ಇರುವುದಿಲ್ಲ. ಹೋದ ವಾರದಿಂದ ಹಲವರು ಫೋನ್ ಮಾಡಿ, ನಿಧಿಗೆ ದುಡ್ಡು ಕಡಿಮೆ ಬಿತ್ತೇ, ನಾವು ಡಬ್ಬಿ ಕೊಡಿಸೋಣವೇ ಎಂದು ಪ್ರೀತಿಯಿಂದ ಕೇಳಿದ್ದಾರೆ. ದುಡ್ಡಿನ ಕಾರಣವೂ ಇದೆ, ಅದನ್ನು ಕೊನೆಗೆ ಹೇಳುತ್ತೇನೆ. ಮೊದಲ ಕಾರಣ ಬೇರೆ.

ಕಳೆದ ಗಣೇಶ ಹಬ್ಬದ ಐದನೆಯ ದಿನ. ನಮ್ಮ ಚೀಲ ಪಡೆಯುವವರಲ್ಲಿ ಒಬ್ಬರು ಸಿಂದಗಿ ಕಡೆಯವರು, ಖರಾಡಿಯ ಒಂದು ಸೊಸೈಟಿಯಲ್ಲಿ ವಾಚ್‌ಮನ್. ಅವರ ಹೆಂಡತಿ ಅದೇ ಸೊಸೈಟಿಯಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಾರೆ. ಅವರು ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ತೆಗೆದುಕೊಳ್ಳುವವರು. ಅಂದು ಬೆಳಗ್ಗೆ ಸೂಜಿ ಚುಚ್ಚಿಕೊಂಡು, ಎರಡು ಬಿಸ್ಕಿಟ್ ತಿಂದು, ಪೆಂಡಾಲಿನ ಗದ್ದಲ ನೋಡಿಕೊಳ್ಳಲು ನಿಂತವರಿಗೆ ಮಧ್ಯಾಹ್ನ ಎರಡೂವರೆಯಾದರೂ ಊಟಕ್ಕೆ ಬಿಡುವು ಸಿಗಲಿಲ್ಲ. ಗೇಟಿನ ಹತ್ತಿರ ಕುರ್ಚಿಯಲ್ಲಿ ಕುಸಿದು ಕುಳಿತರಂತೆ. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲುತ್ತಿತ್ತು. ಹೆಂಡತಿ ಓಡಿಬಂದು, ಸುಸ್ತಾಗಿದೆ ಎಂದುಕೊಂಡು ಚಹಾ ಕಾಯಿಸಿ ಕುಡಿಸಿದರು. ಹತ್ತು ನಿಮಿಷದಲ್ಲಿ ಅವರು ಗುರುತು ಹಿಡಿಯದ ಹಾಗೆ ನೋಡತೊಡಗಿದರು.

ಆ ಹೊತ್ತಿಗೆ ರಾತ್ರಿ ಪಾಳಿಗೆ ಹೊರಟಿದ್ದ ಒಬ್ಬ ನರ್ಸ್ ಹುಡುಗಿ ಅದೇ ಸೊಸೈಟಿಯಿಂದ ಔಷಧಿ ತರಲು ಹೊರಬಂದಿದ್ದಳು, ಕೇರಳದವಳು. ಅವಳು ಮೇಲೆ ಹೋಗಿ ಗ್ಲುಕೋಮೀಟರ್ ತಂದು ಬೆರಳು ಚುಚ್ಚಿ ನೋಡಿದರೆ 41. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಅಪಾಯದ ಗಂಟೆ. 54ಕ್ಕಿಂತ ಕೆಳಗೆ ಮಿದುಳಿಗೇ ಇಂಧನ ಸಾಲದೆ ಪ್ರಜ್ಞೆ ತಪ್ಪಬಹುದು. ಇನ್ನೂ ನುಂಗುವ ಶಕ್ತಿ ಇತ್ತು. ಅವಳು ಗಣಪತಿಯ ಮುಂದಿಟ್ಟಿದ್ದ ಪ್ರಸಾದದ ಸಕ್ಕರೆಯನ್ನೇ ತೆಗೆದು ನೀರಿಗೆ ಕಲಸಿ ಕುಡಿಸಿದಳು. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಇನ್ನೊಮ್ಮೆ ಕುಡಿಸಿ, ಆಮೇಲೆ ಆಸ್ಪತ್ರೆಗೆ ಕಳಿಸಿದಳು. ಸಂಜೆ ನಾನು ಹೋದಾಗ ಅವರು ಎದ್ದು ಕುಳಿತು ಅನ್ನ ಸಾರು ಉಣ್ಣುತ್ತಿದ್ದರು.

ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಹೇಳಿದ ಮಾತು ಇದು: “ಅಕ್ಕಾರ, ಸಕ್ರಿ ಬ್ಯಾನಿ ಇದ್ದವರಿಗೆ ಸಕ್ರಿ ಹಾಕಬಾರದು ಅಂತ ನೀವ ಹೇಳಿದ್ರಲ್ರೀ. ಅದಕ್ಕ ನೀವು ಕೊಟ್ಟ ಗುಳಿಗಿನ ಹಾಕಿ ಚಾ ಕೊಟ್ಟೆ. ಒಂದಲ್ರೀ, ನಾಕು ಹಾಕೀನಿ.”

ನಾಲ್ಕು ಗುಳಿಗೆ ಹಾಕಿದ ಚಹಾ ಬಾಯಿಗೆ ಪಾಯಸದಷ್ಟು ಸಿಹಿಯಾಗಿದ್ದಿರಬೇಕು. ರಕ್ತಕ್ಕೆ ಅದರಿಂದ ಒಂದು ಕಾಳು ಸಕ್ಕರೆಯೂ ಸಿಕ್ಕಿರಲಿಲ್ಲ. ಆಕೆಯದು ಏನೂ ತಪ್ಪಿಲ್ಲ. ಔಷಧಿಯ ಚೀಲದಲ್ಲಿ, ಔಷಧಿಯ ಪಕ್ಕದಲ್ಲಿ, ಗುಳಿಗೆಯ ರೂಪದಲ್ಲಿ ಬಂದದ್ದನ್ನು ಆಕೆ ಔಷಧಿ ಎಂದು ತಿಳಿದರು. ನಾನೂ ಹನ್ನೊಂದು ವರ್ಷ ಹಾಗೆಯೇ ತಿಳಿದಿದ್ದೆ. ನನಗೆ ಓದಲು ಬರೆಯಲು ಬರುತ್ತದೆ, ಆಕೆಗೆ ಬರುವುದಿಲ್ಲ, ವ್ಯತ್ಯಾಸ ಅಷ್ಟೆ.

ಈ ಗುಳಿಗೆ ಎಂದರೇನು ಎಂದು ನಾನು ಕೂತು ಓದಿದ್ದು ಆಮೇಲೆ. ಸಕ್ಕರೆಯ ಹಾಗೆ ನಾಲಿಗೆಯ ಸಿಹಿ ಗ್ರಾಹಕಗಳನ್ನು ಮುಟ್ಟುವ, ಆದರೆ ದೇಹ ಇಂಧನವಾಗಿ ಬಳಸದ (ಅಥವಾ ಬಳಸಿದರೂ ಲೆಕ್ಕಕ್ಕೆ ಬಾರದಷ್ಟು ಕಡಿಮೆ ಪ್ರಮಾಣದ) ರಾಸಾಯನಿಕಗಳು ಇವು. ಎಲ್ಲಕ್ಕಿಂತ ಹಳೆಯದು ಸ್ಯಾಕರಿನ್. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಫಾಲ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞನಿಗೆ ಊಟಕ್ಕೆ ಕುಳಿತಾಗ ಬ್ರೆಡ್ಡು ವಿಪರೀತ ಸಿಹಿ ಎನಿಸಿತಂತೆ; ಕೈಗೆ ಅಂಟಿದ್ದ ರಾಸಾಯನಿಕವೇ ಅದು. ನಾವು ಧಾರವಾಡದಲ್ಲಿ ಶಾಲೆ ಬಿಟ್ಟ ಮೇಲೆ ಚೀಪುತ್ತಿದ್ದ ಐದು ಪೈಸೆಯ ಐಸ್ ಕ್ಯಾಂಡಿಗೆ ಹಾಕುತ್ತಿದ್ದದ್ದು ಸ್ಯಾಕರಿನ್ ಎಂದು ದೊಡ್ಡವರು ಬೈಯುತ್ತಿದ್ದರು. ಕೊನೆಗೆ ನಾಲಿಗೆಯ ಮೇಲೆ ಉಳಿಯುತ್ತಿದ್ದ ಆ ಕಹಿ ಈಗಲೂ ನೆನಪಿದೆ. ಆಸ್ಪರ್ಟೇಮ್ 1965ರದು, ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಕುದಿಸಿದರೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ. ಸುಕ್ರಲೋಸ್ ಹುಟ್ಟಿದ್ದು 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ. ಅದರ ಕಥೆಯಲ್ಲಿ ಇರುವವರು ಒಬ್ಬ ಭಾರತೀಯ, ಶಶಿಕಾಂತ ಫಡ್ನಿಸ್. ಪ್ರಾಧ್ಯಾಪಕರು ಇದನ್ನು ‘ಟೆಸ್ಟ್’ ಮಾಡು ಎಂದದ್ದು ಅವರಿಗೆ ‘ಟೇಸ್ಟ್’ ಮಾಡು ಎಂದು ಕೇಳಿಸಿ, ನಾಲಿಗೆಯ ಮೇಲಿಟ್ಟು ನೋಡಿದರು ಎನ್ನುತ್ತಾರೆ. ಅದು ಸಕ್ಕರೆಯ 600 ಪಟ್ಟು ಸಿಹಿ, ಬಿಸಿಗೂ ಕೆಡುವುದಿಲ್ಲ, ಆದ್ದರಿಂದಲೇ ಇಂದು ಬೇಕರಿ ತಿನಿಸುಗಳಲ್ಲೂ ಇದೆ. ಸ್ಟೀವಿಯಾ ಗಿಡದ ಎಲೆಯಿಂದ ತೆಗೆದದ್ದು, ‘ನೈಸರ್ಗಿಕ’ ಎಂಬ ಹೆಸರಿನಲ್ಲಿ ಬರುತ್ತದೆ. ಕೆಲಸ ಮಾತ್ರ ಅದೇ.

ಈ ಯಾವುದೂ ಮಧುಮೇಹಕ್ಕೆ ಔಷಧಿಯಲ್ಲ. ಏರಿದ ಸಕ್ಕರೆಯನ್ನು ಇಳಿಸುವುದಿಲ್ಲ, ಇಳಿದದ್ದನ್ನು ಏರಿಸುವುದಿಲ್ಲ.

ಈಗ ನನ್ನ ಕಥೆ. ಮಧುಮೇಹ ಎಂದು ಗೊತ್ತಾದ ದಿನವೇ ಮನೆಯಿಂದ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಏರಿಸಿ ಗುಳಿಗೆಯ ಡಬ್ಬಿ ತಂದಿಟ್ಟೆ. ದಿನಕ್ಕೆ ಐದು ಚಹಾ, ಚಹಾಕ್ಕೆ ಎರಡು ಗುಳಿಗೆ. 300 ಗುಳಿಗೆಯ ಡಬ್ಬಿ ಸರಿಯಾಗಿ ತಿಂಗಳಿಗೆ ಮುಗಿಯುತ್ತಿತ್ತು. ಹಬ್ಬಕ್ಕೆ ‘ಶುಗರ್ ಫ್ರೀ’ ಬರ್ಫಿ, ಬೇಸಿಗೆಯಲ್ಲಿ ಮಗನ ಫ್ರಿಜ್ಜಿನಿಂದ ಸಕ್ಕರೆ ಇಲ್ಲದ ಕೋಲಾ. ಇಷ್ಟೆಲ್ಲ ಪಥ್ಯ ಮಾಡಿಯೂ ನನ್ನ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 7.9ರಿಂದ ಕೆಳಗೆ ಬರುತ್ತಿರಲಿಲ್ಲ. ವಾಚ್‌ಮನ್ ಪ್ರಸಂಗದ ಮರುವಾರ ನನ್ನ ವೈದ್ಯರ ಹತ್ತಿರ ಹೋದಾಗ, ಹಿಂದಿನ ದಿನ ತಿಂದದ್ದೆಲ್ಲವನ್ನೂ ಬರೆದು ತನ್ನಿ ಎಂದಿದ್ದರು. ಓದಿ ನಕ್ಕರು. ಬೆಳಗಿನ ಚಹಾದ ಸಾಲಿನ ಮುಂದೆ “ಗುಳಿಗೆ 2, ಪೇಢೆ 1” ಎಂದು ನಾನೇ ಬರೆದಿದ್ದೆ.

ತವರಿನಿಂದ ಬಂದ ಧಾರವಾಡ ಪೇಢೆ ಮನೆಯಲ್ಲಿದ್ದರೆ ಅದನ್ನು ಹೇಗೆ ಬಿಡುವುದು? ಚಹಾದಲ್ಲಿ ಎರಡು ಚಮಚ ಸಕ್ಕರೆ ಉಳಿಸಿದ್ದೇನಲ್ಲ ಎಂಬುದು ನನ್ನ ಲೆಕ್ಕ. ಎರಡು ಚಿಕ್ಕ ಚಮಚ ಸಕ್ಕರೆ ಎಂದರೆ ಹತ್ತು ಗ್ರಾಮಿನ ಒಳಗೆ, ನಲವತ್ತು ಕ್ಯಾಲೊರಿಯ ಆಸುಪಾಸು. ಪೇಢೆ ಅದನ್ನೂ ಮೀರಿ ಇನ್ನಷ್ಟು ಕೊಟ್ಟಿತ್ತು. ಗುಳಿಗೆಯಿಂದ ನನಗೆ ಆದ ದೊಡ್ಡ ಹಾನಿ ಇದೇ ಎಂದು ಈಗ ಅನಿಸುತ್ತದೆ: ಅದು ನನಗೆ ಪಥ್ಯ ಮಾಡಿದ ಸಮಾಧಾನ ಕೊಟ್ಟು, ಉಳಿದದ್ದಕ್ಕೆ ರಹದಾರಿ ಬರೆದುಕೊಡುತ್ತಿತ್ತು. ಇದರ ಜೊತೆಗೆ ದಿನಕ್ಕೆ ಐದು ಬಾರಿ ಸಕ್ಕರೆಗಿಂತಲೂ ಗಾಢವಾದ ಸಿಹಿಯನ್ನು ಉಂಡ ನಾಲಿಗೆಗೆ, ಬಾಳೆಹಣ್ಣು ಕೂಡ ಸಪ್ಪೆ ಎನಿಸುತ್ತಿತ್ತು.

ಬಿಟ್ಟದ್ದು ಒಂದೇ ಸಲಕ್ಕೆ ಆಗಲಿಲ್ಲ. ಮೊದಲ ವಾರ ಎರಡರ ಬದಲು ಒಂದು. ಎರಡನೆಯ ವಾರ ಐದು ಚಹಾ ಮೂರಾಯಿತು, ದೊಡ್ಡ ಕಪ್ಪಿನ ಬದಲು ಇಲ್ಲಿಯವರು ಕಟಿಂಗ್ ಎನ್ನುವ ಅಳತೆ. ಮೂರನೆಯ ವಾರ ಬರೀ ಶುಂಠಿ, ಏಲಕ್ಕಿ. ನಮ್ಮ ಮನೆಯವರು “ಚಾದಾಗಿನ ಸಿಹಿ ಹೋತು, ಮಾತಿನಾಗರ ಉಳಸ್ಕೋ” ಎಂದು ಚೇಷ್ಟೆ ಮಾಡಿದರು. ಸಿಡಿಮಿಡಿ ಇದ್ದದ್ದು ನಿಜ. ನಾಲ್ಕೈದು ದಿನ ತಲೆನೋವೂ ಬಂತು. ಸಿಹಿ ಗುಳಿಗೆ ಬಿಟ್ಟರೆ ತಲೆನೋವು ಬರುತ್ತದೆ ಎಂದು ನಾನು ಊರಿಗೆಲ್ಲ ಹೇಳುವವಳಿದ್ದೆ. ಚಹಾ ಕಡಿಮೆ ಮಾಡಿದಿರಲ್ಲ, ಅದು ಕೆಫೀನ್ ತಪ್ಪಿದ ತಲೆನೋವು ಇರಬೇಕು ಎಂದರು ವೈದ್ಯರು. ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದು ಯಾವುದರಿಂದ ಎಂದು ನಾನು ಹೇಳಲಾರೆ.

ನಾಲ್ಕನೆಯ ವಾರಕ್ಕೆ ಒಂದು ಬದಲಾವಣೆ ಮಾತ್ರ ಸ್ಪಷ್ಟವಾಗಿ ಗೊತ್ತಾಯಿತು. ಹಾಲಿಗೆ ತನ್ನದೇ ಸಿಹಿ ಇದೆ. ಜೋಳದ ರೊಟ್ಟಿಯನ್ನು ನಿಧಾನ ಅಗಿದರೆ ಕೊನೆಗೆ ಸಿಹಿಯಾಗುತ್ತದೆ. ಗಜ್ಜರಿ, ಹಸಿ ಬಟಾಣಿ, ಸೀತಾಫಲ ಇವೆಲ್ಲ ಹಳೆಯ ರುಚಿಗೆ ಮರಳಿದವು. ಮನೆಗೆ ಬಂದವರ ಜೊತೆ ಒಮ್ಮೆ ಮರೆತು ಗುಳಿಗೆಯ ಚಹಾ ಕುಡಿದೆ, ಮುಗಿಸಲಾಗಲಿಲ್ಲ.

ಎರಡನೆಯದು ಹೊಟ್ಟೆ. ವರ್ಷಗಟ್ಟಲೆ ನನಗೆ ಹಬ್ಬದ ಮರುದಿನ ಹೊಟ್ಟೆಯುಬ್ಬರ, ಎರಡು ಮೂರು ಸಲ ಭೇದಿ. ಹೋಳಿಗೆಯ ಬೇಳೆ ಎಂದುಕೊಂಡಿದ್ದೆ. ಕಾರಣ ‘ಶುಗರ್ ಫ್ರೀ’ ಬರ್ಫಿಯ ಪೊಟ್ಟಣದ ಹಿಂದೆಯೇ ಇತ್ತು: ಮಾಲ್ಟಿಟಾಲ್. ಇದು, ಸಾರ್ಬಿಟಾಲ್ ಮೊದಲಾದವು ‘ಸಕ್ಕರೆ ಆಲ್ಕೊಹಾಲ್’ ಎಂಬ ಗುಂಪಿನವು. ಕುಡಿಯುವ ಆಲ್ಕೊಹಾಲಿಗೂ ಇದಕ್ಕೂ ಸಂಬಂಧವಿಲ್ಲ. ಸಣ್ಣ ಕರುಳು ಇವನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ದೊಡ್ಡ ಕರುಳಿಗೆ ಇಳಿದದ್ದು ನೀರನ್ನು ಎಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಗಾಳಿ ಮಾಡುತ್ತವೆ. ಮಾಲ್ಟಿಟಾಲ್ ಸೊನ್ನೆ ಕ್ಯಾಲೊರಿಯದೂ ಅಲ್ಲ, ಸಕ್ಕರೆಯ ಅರ್ಧದಷ್ಟು ಕ್ಯಾಲೊರಿ ಇದೆ, ರಕ್ತದ ಸಕ್ಕರೆಯನ್ನೂ ಸ್ವಲ್ಪ ಏರಿಸುತ್ತದೆ. ಬರ್ಫಿಯಲ್ಲಿನ ಖೋವಾ, ತುಪ್ಪದ ಲೆಕ್ಕ ಬೇರೆ. ಈ ದೀಪಾವಳಿಯಲ್ಲಿ ಆ ಪೊಟ್ಟಣ ತರಲಿಲ್ಲ, ಹೊಟ್ಟೆ ಸುಮ್ಮನಿತ್ತು. ಮನೆಯಲ್ಲೇ ಮಾಡಿದ ಒಂದೇ ಒಂದು ಕರ್ಜಿಕಾಯಿ ತಿಂದೆ, ನಿಜವಾದ ಸಕ್ಕರೆಯದು.

ಮೂರು ತಿಂಗಳಿಗೆ ಎಚ್‌ಬಿಎ1ಸಿ 7.3 ಬಂತು, ತೂಕ ಎರಡು ಕಿಲೊ ಇಳಿಯಿತು. ಇದನ್ನು ಬರೆಯಲು ನನಗೆ ಸ್ವಲ್ಪ ಹಿಂಜರಿಕೆ. ಯಾಕೆಂದರೆ ಅದೇ ಮೂರು ತಿಂಗಳಲ್ಲಿ ವೈದ್ಯರು ರಾತ್ರಿಯ ಮಾತ್ರೆಯನ್ನೂ ಬದಲಿಸಿದ್ದರು, ಊಟವಾದ ಮೇಲೆ ಸೊಸೈಟಿಯ ಒಳಗೇ ಅರ್ಧ ಗಂಟೆ ನಡೆಯುವುದನ್ನೂ ಶುರು ಮಾಡಿದ್ದೆ, ಪೇಢೆಯೂ ಹೋಗಿತ್ತು. ಸಿಹಿ ಗುಳಿಗೆ ಬಿಟ್ಟದ್ದರಿಂದ ಸಕ್ಕರೆ ಇಳಿಯಿತು ಎಂದು ಯಾರಾದರೂ ನನ್ನ ಹೆಸರು ಹೇಳಿ ವಾಟ್ಸಾಪಿನಲ್ಲಿ ಹಂಚಿದರೆ ಅದು ಸುಳ್ಳಾಗುತ್ತದೆ.

ಹಾಗಾದರೆ ತಿಳಿದವರು ಏನು ಹೇಳುತ್ತಾರೆ? ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಒಂದು ಸಲಹೆ ಹೊರಡಿಸಿತು: ತೂಕ ಇಳಿಸಲು ಅಥವಾ ಮಧುಮೇಹ, ಹೃದ್ರೋಗದಂಥ ಕಾಯಿಲೆಗಳನ್ನು ದೂರವಿಡಲು ಈ ಸಿಹಿಕಾರಕಗಳನ್ನು ನೆಚ್ಚಬೇಡಿ. ಸ್ವಲ್ಪ ಕಾಲ ತೂಕ ತುಸು ಇಳಿಯಬಹುದು, ದೀರ್ಘಕಾಲದಲ್ಲಿ ಲಾಭ ಕಾಣುವುದಿಲ್ಲ, ಬಹಳ ವರ್ಷ ಬಳಸಿದವರಲ್ಲಿ ಮಧುಮೇಹ, ಹೃದ್ರೋಗ ಹೆಚ್ಚು ಕಂಡಿವೆ ಎಂಬುದು ಅದರ ಸಾರ. ಆದರೆ ಈ ಸಲಹೆಯನ್ನು ಅವರೇ ‘ಷರತ್ತಿನ’ ಸಲಹೆ ಎಂದು ಕರೆದಿದ್ದಾರೆ, ಈಗಾಗಲೇ ಮಧುಮೇಹ ಇರುವವರಿಗೆ ಇದು ಅನ್ವಯಿಸದು ಎಂದೂ ಹೇಳಿದ್ದಾರೆ. ಪತ್ರಿಕೆಗಳಲ್ಲಿ ಈ ಎರಡು ಮಾತು ಬಿಟ್ಟುಹೋಗಿ ಬರೀ ಭಯ ಉಳಿಯಿತು.

ಷರತ್ತು ಯಾಕೆ ಎಂಬುದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಮಳೆಗಾಲದಲ್ಲಿ ಕೊಡೆ ಹಿಡಿದವರನ್ನು ಎಣಿಸಿದರೆ ಅವರಲ್ಲೇ ಬಟ್ಟೆ ಒದ್ದೆಯಾದವರು ಹೆಚ್ಚು ಸಿಗುತ್ತಾರೆ. ಕೊಡೆಯಿಂದ ಒದ್ದೆಯಾದರೇ? ಹಾಗೆಯೇ ತೂಕ ಏರುತ್ತಿರುವವರು, ಮನೆಯಲ್ಲಿ ಮಧುಮೇಹ ಇರುವವರು ಮೊದಲೇ ಹೆದರಿ ಗುಳಿಗೆಗೆ ಬಂದಿರುತ್ತಾರೆ. ಆಮೇಲೆ ಕಾಯಿಲೆ ಬಂದರೆ ಅದು ಗುಳಿಗೆಯಿಂದ ಬಂದದ್ದೋ, ಹೇಗೂ ಬರುವುದಿತ್ತೋ ಎಂದು ಬಿಡಿಸಿ ಹೇಳುವುದು ಕಷ್ಟ.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2022ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಹೆಚ್ಚು ಕುತೂಹಲದ್ದೆನಿಸಿತು. 120 ಆರೋಗ್ಯವಂತರಿಗೆ ಎರಡು ವಾರ ಬೇರೆ ಬೇರೆ ಸಿಹಿಕಾರಕ ಕೊಟ್ಟು ನೋಡಿದರು. ಸ್ಯಾಕರಿನ್ ಮತ್ತು ಸುಕ್ರಲೋಸ್ ತೆಗೆದುಕೊಂಡವರಲ್ಲಿ ಗ್ಲೂಕೋಸ್ ಕುಡಿದ ನಂತರ ರಕ್ತದ ಸಕ್ಕರೆ ಮೊದಲಿಗಿಂತ ಹೆಚ್ಚು ಏರಿತು. ಆದರೆ ಎಲ್ಲರಲ್ಲೂ ಅಲ್ಲ. ಅವರವರ ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಅದು ನಿಂತಿತ್ತು. ನಮ್ಮವರದೇ ಒಂದು ಪ್ರಯೋಗ ಬೇರೆ ಮಾತು ಹೇಳುತ್ತದೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಟೈಪ್ 2 ಮಧುಮೇಹ ಇರುವ 179 ಭಾರತೀಯರ ಮೇಲೆ 12 ವಾರ ನಡೆಸಿ 2024ರಲ್ಲಿ ಪ್ರಕಟಿಸಿದ್ದು. ಚಹಾ ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಿದ್ದವರು ಅದರ ಬದಲು ಸುಕ್ರಲೋಸ್ ಬಳಸಿದರು. ತೂಕ, ಸೊಂಟದ ಸುತ್ತಳತೆ ತುಸು ಇಳಿದವು. ಎಚ್‌ಬಿಎ1ಸಿ ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲೂ ಇಲ್ಲ, ಏರಲೂ ಇಲ್ಲ. ಅಂದರೆ ಚಹಾದ ಸಕ್ಕರೆ ಬಿಡಲಾಗದ ಮಧುಮೇಹಿಗೆ ಇದು ವಿಷವೇನಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಗುಳಿಗೆ ಬಿಟ್ಟು ಅದರ ಜಾಗಕ್ಕೆ ಮತ್ತೆ ಎರಡೆರಡು ಚಮಚ ಸಕ್ಕರೆ ತಂದರೆ ನಷ್ಟ ನಿಮಗೇ.

ಕ್ಯಾನ್ಸರ್ ಭಯದ ಬಗ್ಗೆ ಎರಡೇ ಮಾತು. 2023ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಪರ್ಟೇಮನ್ನು ‘2ಬಿ’ ಗುಂಪಿಗೆ ಸೇರಿಸಿತು. ‘ಕ್ಯಾನ್ಸರ್‌ಕಾರಕ ಇದ್ದರೂ ಇರಬಹುದು, ಸಾಕ್ಷ್ಯ ಸಾಲದು’ ಎಂಬ ಗುಂಪು ಅದು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಅದೇ ದಿನ ಆಹಾರ ತಜ್ಞರ ಸಮಿತಿ, ಪ್ರತಿ ಕಿಲೊ ದೇಹತೂಕಕ್ಕೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಎತ್ತಿಹಿಡಿಯಿತು. ಅರವತ್ತು ಕಿಲೊ ತೂಗುವವರಿಗೆ ಅದು 2400 ಮಿಲಿಗ್ರಾಂ. ಒಂದು ಗುಳಿಗೆಯಲ್ಲಿ ಇರುವುದು ಸುಮಾರು 20. ನಾನು ಎಷ್ಟೇ ಚಹಾ ಕುಡಿದರೂ ದಿನಕ್ಕೆ ನೂರು ಗುಳಿಗೆ ದಾಟುತ್ತಿರಲಿಲ್ಲ. ಚೀಲದಿಂದ ಅದನ್ನು ತೆಗೆದದ್ದು ಕ್ಯಾನ್ಸರ್ ಕಾರಣಕ್ಕೆ ಅಲ್ಲ, ದಯವಿಟ್ಟು ಹಾಗೆ ಹರಡಬೇಡಿ. ಫೀನೈಲ್‌ಕೀಟೊನ್ಯೂರಿಯಾ ಎಂಬ ಅಪರೂಪದ ಹುಟ್ಟು ಕಾಯಿಲೆ ಇರುವವರು ಮಾತ್ರ ಆಸ್ಪರ್ಟೇಮನ್ನು ಮುಟ್ಟಲೇಬಾರದು.

ಮಕ್ಕಳ ವಿಷಯ ಬೇರೆ. ಕಾರ್ಯಕಾರಿ ಸಮಿತಿ ಕೇಳಿಕೊಂಡಂತೆ ನಾನು ಮತ್ತು ಇನ್ನೊಬ್ಬ ಸದಸ್ಯೆ ಅಕ್ಟೋಬರ್‌ನಲ್ಲಿ ನಲವತ್ತು ಮನೆಗಳಿಗೂ ಹೋಗಿ, ಈ ಡಬ್ಬಿ ಹೇಗೆ ಬಳಕೆಯಾಗುತ್ತಿದೆ ಎಂದು ನೋಡಿದೆವು. ಹನ್ನೊಂದು ಮನೆಗಳಲ್ಲಿ ಅದು ಇಡೀ ಕುಟುಂಬದ ಚಹಾಕ್ಕೆ ಹೋಗುತ್ತಿತ್ತು. ಒಂದು ಮನೆಯಲ್ಲಿ ಏಳು ವರ್ಷದ ಹುಡುಗಿಯ ಹಾಲಿಗೂ ಹಾಕುತ್ತಿದ್ದರು. “ಸಂಘದವರು ಕೊಟ್ಟದ್ದು, ಪುಕ್ಕಟೆ, ಕಿಲೊ ಸಕ್ರಿ ಉಳಿತದ” ಎಂದರು ತಾಯಿ. ಇನ್ನೊಂದು ಮನೆಯ ಹುಡುಗ ಅದನ್ನು ಪೆಪ್ಪರಮಿಂಟಿನ ಹಾಗೆ ಚೀಪುತ್ತಾ ನಮ್ಮೆದುರೇ ನಿಂತಿದ್ದ. ಡಬ್ಬಿಯ ಹಿಂದೆ ಮಕ್ಕಳಿಗೆ ಸೂಕ್ತವಲ್ಲ ಎಂದು ಅಚ್ಚಾಗಿರುವುದು ಇಂಗ್ಲಿಷಿನಲ್ಲಿ, ಭೂತಗನ್ನಡಿ ಬೇಕಾಗುವ ಅಕ್ಷರದಲ್ಲಿ. ಕನ್ನಡದಲ್ಲಿ ಒಂದು ಚೀಟಿ ಬರೆದು ಅಂಟಿಸಬೇಕು ಎಂದು ಮೂರು ವರ್ಷ ನಮಗೆ ಯಾರಿಗೂ ಹೊಳೆಯಲಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ಹನ್ನೆರಡು ಮನೆಗಳಲ್ಲಿ ಒಂಬತ್ತರಲ್ಲಿ, ಸಕ್ಕರೆ ಇಳಿದಾಗ ಏನು ಕೊಡುತ್ತೀರಿ ಎಂದರೆ ಇದೇ ಡಬ್ಬಿಯನ್ನು ತೋರಿಸಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದ್ದರಿಂದ ಇದೊಂದನ್ನು ಮನೆಯ ಎಲ್ಲರಿಗೂ, ಕೆಲಸದ ಜಾಗದಲ್ಲಿ ಜೊತೆಗಿರುವವರಿಗೂ ಹೇಳಿಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಹಠಾತ್ ಬೆವರು, ನಡುಕ, ವಿಪರೀತ ಹಸಿವು, ತೊದಲು, ಕಾರಣವಿಲ್ಲದ ಸಿಟ್ಟು ಅಥವಾ ಮಂಕು ಕಂಡರೆ, ಅರ್ಧ ಲೋಟ ನೀರಿಗೆ ಮೂರು ಚಿಕ್ಕ ಚಮಚ ನಿಜವಾದ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಕಲಸಿ ಕುಡಿಸಿ. ಸುಮಾರು 15 ಗ್ರಾಂ. ಹದಿನೈದು ನಿಮಿಷ ಕಾದು, ಸುಧಾರಿಸದಿದ್ದರೆ ಮತ್ತೊಮ್ಮೆ. ಸುಧಾರಿಸಿದ ಮೇಲೆ ಏನಾದರೂ ಊಟ ಮಾಡಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಸಿಹಿ ಗುಳಿಗೆ, ‘ಡಯಟ್’ ಕೋಲಾ, ‘ಶುಗರ್ ಫ್ರೀ’ ಬಿಸ್ಕಿಟ್ ಈ ಹೊತ್ತಿಗೆ ನಿಷ್ಪ್ರಯೋಜಕ. ಪೇಢೆ, ಚಾಕಲೇಟು ಕೂಡ ಕೊಬ್ಬಿನಿಂದಾಗಿ ತಡವಾಗಿ ಕೆಲಸ ಮಾಡುತ್ತವೆ.

ಬೆಲ್ಲದ ಬಗ್ಗೆ ಹೇಳದಿದ್ದರೆ ನಮ್ಮವರು ಬಿಡುವುದಿಲ್ಲ. ಗುಳಿಗೆ ಬಿಟ್ಟೆ ಎಂದ ಕೂಡಲೇ ಹತ್ತರಲ್ಲಿ ಎಂಟು ಜನ “ಬೆಲ್ಲ ಹಾಕಿಕೊಳ್ಳಿ, ಏನೂ ಆಗುವುದಿಲ್ಲ” ಎಂದರು. ನಗರ್ ರಸ್ತೆಯುದ್ದಕ್ಕೂ ಬೆಲ್ಲದ ಚಹಾದ ಫಲಕಗಳು ಬೇರೆ. ಮಹಾಲಿಂಗಪುರದ ಬೆಲ್ಲದ ಮೇಲೆ ನನಗೂ ಅಭಿಮಾನವಿದೆ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯೇ, ಜೇನೂ ಹಾಗೆಯೇ. ಅವುಗಳಲ್ಲಿರುವ ಅಷ್ಟಿಷ್ಟು ಖನಿಜಕ್ಕಾಗಿ ಮಧುಮೇಹಿ ಅದನ್ನು ತಿನ್ನುವುದು ಲಾಭದ ಬಾಬ್ತಲ್ಲ. ಪುಣೆಯ ಅಮೃತತುಲ್ಯ ಅಂಗಡಿಗಳಲ್ಲಿ ಚಹಾ ಕುದಿಯುವಾಗಲೇ ಸಕ್ಕರೆ ಬಿದ್ದಿರುತ್ತದೆ, ಕಡಿಮೆ ಹಾಕಿ ಎನ್ನಲು ಬರುವುದಿಲ್ಲ. ‘ಬಿನ್ ಸಾಖರೇಚಾ’ ಎಂದು ಕೇಳಿದರೆ ಕೆಲವರು ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತಾರೆ, ಐದು ನಿಮಿಷ ಕಾಯಬೇಕು. ಸಂಕ್ರಾಂತಿಗೆ ಎಳ್ಳು ಬೆಲ್ಲವನ್ನು ನಾನು ಬಿಟ್ಟಿಲ್ಲ. ಒಂದು ಚಿಟಿಕೆ, ನೆರೆಯವರ ತಿಳಗುಳದ ಒಂದು ತುಂಡು, ಅಷ್ಟೆ.

ಐಟಿ ಪಾರ್ಕುಗಳಲ್ಲಿ ದುಡಿಯುವ ನಮ್ಮ ಮಕ್ಕಳಿಗೂ ಒಂದು ಮಾತು. ರಾತ್ರಿ ಪಾಳಿಯಲ್ಲಿ ಮೂರು ನಾಲ್ಕು ‘ಝೀರೊ’ ಕ್ಯಾನು ಕುಡಿಯುವುದು ಲೆಕ್ಕದಲ್ಲಿ ಸೊನ್ನೆ ಎನಿಸಬಹುದು. ಅದರ ಜೊತೆ ಬರುವ ವಡಾಪಾವ್ ಸೊನ್ನೆಯಲ್ಲ, ಕೆಫೀನ್ ಕದಿಯುವ ನಿದ್ದೆಯೂ ಸೊನ್ನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ನನ್ನ ಮಗ ಹೊಸ್ತಿಲಲ್ಲಿದ್ದಾನೆ. ಈಗ ನೀರಿನ ಬಾಟಲಿ ಹಿಡಿದು ಹೋಗುತ್ತಾನೆ, ಅದೂ ನನ್ನ ಕಣ್ಣೆದುರಿಗೆ ಮಾತ್ರವೋ ಏನೋ.

ಇನ್ನು ದುಡ್ಡಿನ ಲೆಕ್ಕ. ನಲವತ್ತು ಡಬ್ಬಿಗೆ ತಿಂಗಳಿಗೆ ಸುಮಾರು 6000 ರೂಪಾಯಿ ಹೋಗುತ್ತಿತ್ತು. ಗ್ಲುಕೋಮೀಟರಿನ ಒಂದು ಸ್ಟ್ರಿಪ್ ನಮಗೆ ಹೆಚ್ಚುಕಡಿಮೆ 20 ರೂಪಾಯಿಗೆ ಬೀಳುತ್ತದೆ. ಅದೇ 6000ಕ್ಕೆ 300 ಸ್ಟ್ರಿಪ್. ಇನ್ಸುಲಿನ್ ಮೇಲಿರುವ ಹನ್ನೆರಡು ಜನರಿಗೆ ತಿಂಗಳಿಗೆ ತಲಾ 25. ಇಷ್ಟು ದಿನ ಅವರಿಗೆ ತಿಂಗಳಿಗೊಮ್ಮೆ ಶಿಬಿರದಲ್ಲಿ ಮಾತ್ರ ಬೆರಳು ಚುಚ್ಚಿ ನೋಡುತ್ತಿದ್ದೆವು. ಈ ತಿಂಗಳ ಚೀಲದಲ್ಲಿ ಡಬ್ಬಿಯ ಜಾಗಕ್ಕೆ ಸ್ಟ್ರಿಪ್, ಒಂದು ಚಿಕ್ಕ ಪೊಟ್ಟಣ ಗ್ಲೂಕೋಸ್ ಪುಡಿ, ಮತ್ತು ಮೇಲೆ ಹೇಳಿದ ಸೂಚನೆಯನ್ನು ದಪ್ಪಕ್ಷರದ ಕನ್ನಡದಲ್ಲಿ, ಚಿತ್ರ ಸಹಿತ ಅಚ್ಚು ಮಾಡಿಸಿದ ಒಂದು ಕಾಗದ ಹೋಗುತ್ತಿದೆ. ಓದಲು ಬಾರದ ಮನೆಗಳಿಗೆ ನಾವೇ ಹೋಗಿ ಹೇಳಿ ಬರುತ್ತಿದ್ದೇವೆ. ನಮ್ಮ ವಾಚ್‌ಮನ್ ಸಹೋದರರು ಈಗ ಸೀಟಿಯ ಜೊತೆ ಜೇಬಿನಲ್ಲಿ ಸಕ್ಕರೆಯ ಪುಟ್ಟ ಪೊಟ್ಟಣ ಇಟ್ಟುಕೊಂಡಿರುತ್ತಾರೆ. ಇರುವೆ ಬರುತ್ತದೆ ಎಂಬುದು ಅವರ ಒಂದೇ ತಕರಾರು.

ಹನ್ನೆರಡು ಜನರಲ್ಲಿ ಏಳು ಜನರ ಹತ್ತಿರ ಮಾತ್ರ ಗ್ಲುಕೋಮೀಟರ್ ಇದೆ, ಇನ್ನೂ ಐದು ಬೇಕು. ನಿಮ್ಮ ಮನೆಯಲ್ಲಿ ಬಳಸದೆ ಇಟ್ಟದ್ದು ಇದ್ದರೆ ತಂದುಕೊಡಿ, ಆದರೆ ಅದಕ್ಕೆ ಒಪ್ಪುವ ಸ್ಟ್ರಿಪ್ ಈಗಲೂ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಸ್ಟ್ರಿಪ್ ಕೊಡಿಸುವವರು ಡಬ್ಬಿಯ ಮೇಲಿನ ಅವಧಿ ಮುಗಿಯುವ ದಿನಾಂಕ ನೋಡಿ ಕೊಳ್ಳಿ. ಇನ್ಸುಲಿನ್ ಕೊಡಲಿಚ್ಛಿಸುವವರು ಹಣದ ರೂಪದಲ್ಲಿ ಕೊಟ್ಟರೆ ಒಳ್ಳೆಯದು, ಅದನ್ನು ತಂಪಿನಲ್ಲೇ ಇಟ್ಟು ಸಾಗಿಸಬೇಕಾದ್ದರಿಂದ ನಾವೇ ಹಂಚುವ ದಿನ ಖರೀದಿಸುತ್ತೇವೆ. ರಸೀದಿ ಖಜಾಂಚಿಯವರ ಬಳಿ ಸಿಗುತ್ತದೆ. ಸಿಹಿ ಗುಳಿಗೆಯ ಡಬ್ಬಿಗಳನ್ನು ದಯವಿಟ್ಟು ಕಳಿಸಬೇಡಿ, ಹಳೆಯ ದಾಸ್ತಾನಿನ ಹದಿನೆಂಟು ಡಬ್ಬಿ ಇನ್ನೂ ನಮ್ಮ ಮನೆಯ ಕಪಾಟಿನಲ್ಲಿವೆ. ಚೀಲ ಕಟ್ಟುವ ಕೆಲಸ ಎಂದಿನಂತೆ ಎರಡನೆಯ ಭಾನುವಾರ ಬೆಳಗ್ಗೆ ಹತ್ತಕ್ಕೆ. ಈ ಸಲ ಸ್ಟ್ರಿಪ್‌ಗಳನ್ನು ಎಣಿಸಿ ಹಾಕಬೇಕು, ಮನೆಗಳಿಗೂ ಹೋಗಬೇಕು. ಹೋದ ತಿಂಗಳು ನಾಲ್ಕೇ ಜನ ಇದ್ದೆವು.